ಮೇಷ್ಟ್ರ ಮಡಿ ವ್ಯಾನು

ಹೊಳೆನರಸೀಪುರದ ಸಂಪತ್ಕುಮಾರ ಮೇಷ್ಟ್ರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟರು. ಸಮುದ್ರವನ್ನು ಮಾತ್ರ ಒಂದು ಸಲವೂ ನೋಡಿರಲಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ, ಯಾಕೆಂದರೆ ಅವರ ಉಬ್ಬರವಿಳಿತದ ಪಾಠ ತಾಲ್ಲೂಕಿಗೇ ಹೆಸರುವಾಸಿಯಾಗಿತ್ತು. ಒಂದು ಬಕೆಟ್ ನೀರು ತರಿಸಿ, ಅದನ್ನು ಮೇಜಿನ ಮೇಲಿಟ್ಟು, "ಇದೋ ಚಂದ್ರ ಎಳೀತಾ ಇದಾನೆ!" ಅಂತ ಅಲ್ಲಾಡಿಸುತ್ತಿದ್ದರು. ಮುಂದಿನ ಬೆಂಚಿನವರ ಚಡ್ಡಿ ಒದ್ದೆಯಾಗುತ್ತಿತ್ತು. ಅದೇ ಉಬ್ಬರ. ಇಳಿತವನ್ನು ತೋರಿಸುವುದು ಹೇಗೆಂದು ಅವರಿಗೂ ಗೊತ್ತಿರಲಿಲ್ಲ.

ಹಾಸನ ಜಿಲ್ಲೆಯಿಂದ ಘಾಟಿ ಇಳಿದರೆ ಸಮುದ್ರ. ಅದೇನು ಲಂಕೆಯೇ? ಆದರೆ ಮನೆಯಲ್ಲಿ ಲಕ್ಷ್ಮೀದೇವಮ್ಮ ಇದ್ದರು, ಲಕ್ಷ್ಮೀದೇವಮ್ಮನವರ ಮಡಿ ಇತ್ತು. ಆಕೆ ಕುಡಿಯುವುದು ಹಿತ್ತಲ ಬಾವಿಯ ನೀರು. ತಿನ್ನುವುದು ತನ್ನ ಕೈಯಡುಗೆ. ಹೋಟೆಲಿನ ಮುಂದೆ ನಡೆದುಹೋಗುವಾಗ ಉಸಿರು ಬಿಗಿಹಿಡಿಯುವ ಹೆಂಗಸು. ಚನ್ನರಾಯಪಟ್ಟಣಕ್ಕೆ ಮದುವೆಗೆ ಹೋದರೂ ಬೆಳಗಿನಿಂದ ಸಂಜೆವರೆಗೆ ಉಪವಾಸವಿದ್ದು, "ಊಟ ಬಹಳ ಚೆನ್ನಾಗಿತ್ತಂತೆ" ಎಂದು ಹೊಗಳಿ ಬರುತ್ತಿದ್ದರು.

"ನೀವೊಬ್ಬರೇ ಹೋಗಿ ಸಮುದ್ರ ನೋಡಿಕೊಂಡು ಬನ್ನಿ. ನಾನೇನು ಬೇಡ ಅಂದೆನಾ?" ಎಂದು ಅವರು ಎಷ್ಟೋ ಸಲ ಹೇಳಿದ್ದುಂಟು. ಆದರೆ ಆ ಮಾತನ್ನು ಹೇಳುವ ರೀತಿಯಿದೆಯಲ್ಲ, ಅದನ್ನು ಕೇಳಿದ ಯಾವ ಗಂಡನೂ ಚಪ್ಪಲಿ ಮೆಟ್ಟಲಾರ. ಮೇಷ್ಟ್ರಿಗೂ ಒಬ್ಬರೇ ಹೋಗಲು ಮನಸ್ಸಿರಲಿಲ್ಲ. ಹೆಂಡತಿಯನ್ನು ಅವರು ತುಂಬಾ ಹಚ್ಚಿಕೊಂಡಿದ್ದರು. ಅವಳಿಲ್ಲದೆ ನೋಡಿದರೆ ಅರ್ಧ ಸಮುದ್ರವೇ ಕಾಣುವುದು ಎಂದು ಅವರಿಗೆ ಅನಿಸುತ್ತಿತ್ತು.

ತೊಂಬತ್ತೆಂಟರಲ್ಲಿ ರಿಟೈರಾದರು. ಹಾರ, ಶಾಲು, ಗೋಡೆ ಗಡಿಯಾರ ಹೊತ್ತು ಮನೆಗೆ ಬಂದವರೇ ಜಗಲಿಯ ಮೇಲೆ ಕೂತು ಯೋಚಿಸಿದರು. ಲಕ್ಷ್ಮಿ ಮನೆ ಬಿಟ್ಟು ಬರುವುದಿಲ್ಲ. ಸರಿ, ಹಾಗಾದರೆ ಮನೆಯನ್ನೇ ಹೊರಡಿಸಬೇಕು!

ಹಾಸನದಲ್ಲಿ ಬೇಕರಿಯೊಂದರ ಹಳೆಯ ವ್ಯಾನು ಮಾರಾಟಕ್ಕಿತ್ತು. ಮೇಷ್ಟ್ರು ಡ್ರೈವಿಂಗ್ ಕಲಿತು ಅದನ್ನು ತಾವೇ ಓಡಿಸಿಕೊಂಡು ಬಂದರು. ದಾರಿಯಲ್ಲಿ ಎತ್ತಿನಗಾಡಿಯೊಂದು ಅವರನ್ನು ದಾಟಿ ಹೋಯಿತೆಂದು ಊರಿನ ಪುಂಡರು ಹೇಳುತ್ತಾರೆ. ಸುಳ್ಳು, ಆ ಗಾಡಿ ಪಕ್ಕದ ರಸ್ತೆಯಿಂದ ಬಂದದ್ದು. ವ್ಯಾನಿನ ಬಾಗಿಲು ತೆಗೆದರೆ ಬನ್ನಿನ ವಾಸನೆ. ಲಕ್ಷ್ಮೀದೇವಮ್ಮ ಮೂಗಿಗೆ ಸೆರಗು ಹಿಡಿದು ಕೇಳಿದರು.

"ಇದರಲ್ಲಿ ಕೇಕು ಸಾಗಿಸ್ತಿದ್ದರಾ?"

"ಒಂದೋ ಎರಡೋ ಇರಬಹುದು ಕಣೇ."

"ಅದಕ್ಕೆ ಮೊಟ್ಟೆ ಹಾಕಿರ್ತಾರೆ!"

ಸರಿ, ಗೋಮೂತ್ರ, ಸಗಣಿ ನೀರು, ಪುಣ್ಯಾಹ. ಪುರೋಹಿತರು ವ್ಯಾನಿನೊಳಗೆ ಬಗ್ಗಿಕೊಂಡೇ ಮಂತ್ರ ಹೇಳಿ, ಮೇಲೇಳುವಾಗ ಟಾಪಿಗೆ ತಲೆ ಬಡಿಸಿಕೊಂಡು, ಮಂತ್ರದಲ್ಲಿಲ್ಲದ ಒಂದು ಮಾತನ್ನೂ ಆಡಿದರು. ಆಮೇಲೆ ಒಳಗೆ ಮಂಚ, ಒಲೆ, ದೇವರ ಪೆಟ್ಟಿಗೆ, ಬಾವಿ ನೀರಿಗೆ ಎರಡು ತಾಮ್ರದ ಕೊಳಗ ಎಲ್ಲ ಬಂದವು. ಲಕ್ಷ್ಮೀದೇವಮ್ಮ ಒರಳುಕಲ್ಲನ್ನೂ ಒಯ್ಯಬೇಕೆಂದು ಹಟ ಹಿಡಿದರು. ಅದರ ತೂಕಕ್ಕೆ ವ್ಯಾನು ಹಿಂದಕ್ಕೆ ಕೂತು ಮುಂದಿನ ಚಕ್ರ ಆಕಾಶ ನೋಡೀತೆಂದು ಮೇಷ್ಟ್ರು ಕೈಮುಗಿದು ಮಿಕ್ಸಿಗೆ ಒಪ್ಪಿಸಿದರು. ಮಿಕ್ಸಿಗೆ ಕರೆಂಟು ಬೇಕಲ್ಲ! ಹಾಗೆ ಜನರೇಟರು ಬಂತು. ಚಟ್ನಿಯ ದೆಸೆಯಿಂದ ಸಂಸಾರದೊಳಗೆ ಒಂದು ಯಂತ್ರ ಸೇರಿಕೊಂಡ ಕಥೆ ಇದು.

ಜನರೇಟರು ಕೊಟ್ಟವನು ಚನ್ನರಾಯಪಟ್ಟಣದ ಚಿಕ್ಕಯ್ಯ. ಬ್ಯಾಟರಿ ಕೊಟ್ಟವನು ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿಯಿಟ್ಟಿದ್ದ ತಮ್ಮಯ್ಯ. ವ್ಯಾನು ಸ್ಟಾರ್ಟ್ ಆಗಲು, ದೀಪ, ಫ್ಯಾನಿಗೆ ಡ್ರೈವರ್ ಸೀಟಿನ ಕೆಳಗಿನ ಬ್ಯಾಟರಿ. ಮಿಕ್ಸಿಗೆ ಹಿಂಬದಿಯ ಜನರೇಟರು. ವ್ಯಾನು ನಿಂತಿದ್ದಾಗ ಜನರೇಟರು ಬ್ಯಾಟರಿಗೂ ಕರೆಂಟು ತುಂಬಬೇಕು. ಏರ್ಪಾಡು ಇಷ್ಟೆ.

ಬ್ಯಾಟರಿ ಕೂರಿಸಲು ಬಂದ ದಿನ ತಮ್ಮಯ್ಯ ಒಂದು ಮಾತು ಆಡಿದ. "ಅಮ್ಮಾ, ಗಾಡಿಗೆ ಇದೇ ಪ್ರಾಣ ಕಣಮ್ಮ. ಇದೊಂದು ಎಚ್ಚರವಾಗಿದ್ರೆ ಎಲ್ಲಾ ಇದ್ದಂಗೆ."

ಎಂಥ ಮಾತನ್ನು ಎಂಥವರ ಮುಂದೆ ಆಡಿದ ನೋಡಿ! ಪ್ರಾಣವೆಂದ ಮೇಲೆ ಪೂಜೆಯಿಲ್ಲದೆ ಬಿಡುವುದುಂಟೇ? ಆಗ ಆಯುಧಪೂಜೆ ಬೇರೆ ಹತ್ತಿರವಿತ್ತು. ಲಕ್ಷ್ಮೀದೇವಮ್ಮ ಅದನ್ನು ಮಣೆಯ ಮೇಲಿಡಿಸಿದರು. ಬ್ಯಾಟರಿಯ ಮೇಲೆ ವೈರು ಸಿಕ್ಕಿಸುವ ಎರಡು ಸೀಸದ ಗುಬುಟುಗಳಿದ್ದವು. ಸಂಕ್ರಾಂತಿಯಲ್ಲಿ ಎತ್ತಿನ ಕೊಂಬಿಗೆ ಮಾಡುವ ಹಾಗೆ ಎರಡಕ್ಕೂ ದಪ್ಪಗೆ ಅರಿಶಿನ, ಅದರ ಮೇಲೆ ತೇಯ್ದ ಗಂಧ, ಅದರ ಮೇಲೆ ಕುಂಕುಮ ಮೆತ್ತಿ ಆರತಿ ಎತ್ತಿದರು. ತಮ್ಮಯ್ಯ ಆ ಗಂಧ ಅರಿಶಿನದ ಮೇಲೇ ವೈರಿನ ಹಿಡಿಗಳನ್ನು ತೊಡಿಸಿ ಬಿಗಿದ. ಒರೆಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಪೂಜೆ ಮಾಡಿದ್ದನ್ನು ಯಾರಾದರೂ ಒರೆಸುತ್ತಾರೆಯೇ?

ಆ ಬೆಳಿಗ್ಗೆಯೇ, ಗಂಧ ಆರುವ ಮೊದಲೇ, ಸಮುದ್ರಕ್ಕೆ ಮೊದಲ ಪ್ರಯಾಣ ಹೊರಟಿತು. ಅರಕಲಗೂಡು, ಕೊಣನೂರಿನ ಮೇಲೆ ಹೋಗಿ ಮಡಿಕೇರಿ ಘಾಟಿ ಇಳಿಯುವುದೆಂದು ಮೇಷ್ಟ್ರು ಅಟ್ಲಾಸಿನಲ್ಲಿ ಗೆರೆ ಎಳೆದಿದ್ದರು. ಲಕ್ಷ್ಮೀದೇವಮ್ಮ ಒಂದು ಷರತ್ತು ಹಾಕಿದ್ದರು. "ಸಮುದ್ರದ ಹತ್ತಿರ ಒಂದೇ ಒಂದು ದಿನ. ಕೊಳಗದ ನೀರು ಮುಗಿಯೋ ಮೊದಲು ಮನೆ ಸೇರಬೇಕು." ಮೇಷ್ಟ್ರು ಒಪ್ಪಿದರು. ಒಂದು ಗಂಟೆ ಎಂದಿದ್ದರೂ ಒಪ್ಪುತ್ತಿದ್ದರು.

ಅರಕಲಗೂಡಿನಲ್ಲಿ ತಿಂಡಿಗೆ ನಿಂತರು. ಜನರೇಟರು ಗುಡುಗಿತು, ಮಿಕ್ಸಿ ತಿರುಗಿತು, ಚಟ್ನಿ ಆಯಿತು. ದೋಸೆ ತಿಂದು ಮೇಷ್ಟ್ರು ಕೀಲಿ ತಿರುಗಿಸಿದರು.

ಟಕ್.

ಮತ್ತೆ ತಿರುಗಿಸಿದರು. ಟಕ್. ಅಷ್ಟೇ ಮಾತು, ಮುಂದೆ ಮೌನ. ಬೆಳಿಗ್ಗೆ ಹೊರಡುವಾಗ ಗಂಧ ಇನ್ನೂ ಹಸಿಯಾಗಿತ್ತು, ಹೇಗೋ ಕರೆಂಟು ಹರಿದಿತ್ತು. ಎಂಜಿನ್ನಿನ ಕಾವಿಗೆ ಅದು ಒಣಗಿ ಗೋಡೆಗೆ ಬಡಿದ ಗಾರೆಯಂತಾಗಿತ್ತು. ಬ್ಯಾಟರಿಯಿಂದ ಕರೆಂಟು ಹೊರಗೆ ಬರುವಂತಿಲ್ಲ, ಜನರೇಟರಿನಿಂದ ಒಳಗೆ ಹೋಗುವಂತಿಲ್ಲ. ಇದು ನಿಮಗೆ ಗೊತ್ತು, ನನಗೆ ಗೊತ್ತು. ಪಾಪ, ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅವರು ಜನರೇಟರನ್ನು ಮತ್ತೊಂದು ಗಂಟೆ ಓಡಿಸಿ, ಬ್ಯಾಟರಿ ತುಂಬಿತೆಂದುಕೊಂಡು, ಕೀಲಿ ತಿರುಗಿಸಿದರು. ಟಕ್.

ಮಾರುಕಟ್ಟೆಗೆ ಹೊಗೆಸೊಪ್ಪು ಹಾಕಿ ಬರುತ್ತಿದ್ದ ರೈತರು ನಾಲ್ಕಾರು ಮಂದಿ ಸೇರಿದರು. "ಏನ್ ಸಾಮಿ, ಒಳಗೆ ಮನೆನೇ ಕಟ್ಕಂಡಿದ್ದೀರಿ? ಅಮ್ಮಾರು ಇಳಿಯಾಕಿಲ್ವಾ?" ಅಮ್ಮಾರು ಇಳಿಯಲಿಲ್ಲ, ಮಡಿಯಲ್ಲಿದ್ದರು. ಅವರನ್ನೂ ಕೊಳಗಗಳನ್ನೂ ಸೇರಿಸಿಯೇ ತಳ್ಳಿದರು. ಎಂಜಿನ್ ಹತ್ತಿಕೊಂಡಿತು. ಇನ್ನು ಆರಿಸಿದರೆ ಕೆಟ್ಟೆ ಎಂದು ಹೆದರಿ ಮೇಷ್ಟ್ರು ವ್ಯಾನನ್ನು ಸೀದಾ ಮನೆಯ ಕಡೆಗೆ ತಿರುಗಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ತಮ್ಮಯ್ಯ ಬಂದು ಬ್ಯಾಟರಿ ಬಿಚ್ಚಿ, ಅಂಗಡಿಗೆ ಒಯ್ದು, ಮೂಸಿ, ತಟ್ಟಿ, ಗಂಧದೊಳಗೆ ಸೂಜಿಮೊನೆ ಚುಚ್ಚಿ ದೀಪ ಹತ್ತಿಸಿ ಪರೀಕ್ಷಿಸಿದ. "ನಮ್ ಬ್ಯಾಟ್ರಿ ಕಲ್ಲಿದ್ದಂಗದೆ ಸಾ! ಆ ಜನರೇಟ್ರು ಕೊಟ್ಟೋನು ಯಾವನ್ ಸಾ? ನೊಣ ಓಡ್ಸಕ್ಕೂ ಲಾಯಕ್ಕಿಲ್ಲ ಅದು." ಮೇಷ್ಟ್ರು ಚನ್ನರಾಯಪಟ್ಟಣಕ್ಕೆ ಹೋಗಿ ಚಿಕ್ಕಯ್ಯನನ್ನು ಕರೆತಂದರು. ಅವನು ಜನರೇಟರಿಗೆ ಕಿವಿಗೊಟ್ಟು ಕೇಳಿ, ಬಲ್ಬು ಹಚ್ಚಿ ನೋಡಿ, ತಲೆಯಾಡಿಸಿದ. "ಜನರೇಟ್ರು ಆನೆ ಇದ್ದಂಗದೆ ಸಾ. ನಿಮಗೆ ಆ ಬ್ಯಾಟ್ರಿ ಕಟ್ಟಿದ್ದು ಯಾವನೋ ಏನೋ, ಅದು ಬ್ಯಾಟ್ರಿ ಅಲ್ಲ ಕಣ್ಸಾ, ಉಪ್ಪಿನ್ಕಾಯಿ ಜಾಡಿ!"

ಇಬ್ಬರ ಮಾತೂ ಒಂದು ಲೆಕ್ಕಕ್ಕೆ ನಿಜವೇ. ಬ್ಯಾಟರಿಯೂ ಚೆನ್ನಾಗಿತ್ತು, ಜನರೇಟರೂ ಚೆನ್ನಾಗಿತ್ತು. ಕೆಟ್ಟಿದ್ದು ನಡುವೆ.

ಲಕ್ಷ್ಮೀದೇವಮ್ಮ ಮಾತ್ರ ಬೇರೆ ಕಾರಣ ಹಿಡಿದಿದ್ದರು. "ಪೂಜೆ ಸಾಲಲಿಲ್ಲ ಅಂತ ಕಾಣುತ್ತೆ." ಎರಡನೆಯ ಸಲ ಹೊರಡುವಾಗ, ಹಳೆಯ ಅರಿಶಿನ ಗಂಧದ ಮೇಲೇ ಹೊಸದಾಗಿ ಇನ್ನೊಂದು ಪದರ ಬಿತ್ತು. ಹೊಸದರ ಹಸಿಗೆ ಹಳೆಯದೂ ನೆನೆದು, ಈ ಸಲ ವ್ಯಾನು ಕೊಣನೂರಿನವರೆಗೂ ಹೋಯಿತು. ಕಾವೇರಿ ದಾಟುವ ಮೊದಲು ಕಾಫಿ ಕುಡಿಯೋಣವೆಂದು ನಿಲ್ಲಿಸಿದ್ದೇ ತಪ್ಪಾಯಿತು. ಟಕ್. ಅಂದು ಅಲ್ಲಿ ಸಂತೆ. ಒಂದು ಕಡೆ ಮೆಣಸಿನಕಾಯಿ, ಒಂದು ಕಡೆ ಕುರಿ, ನಟ್ಟನಡುವೆ ಬಿಳಿಯ ವ್ಯಾನು, ಒಳಗೆ ಮಂಚ, ಕಿಟಕಿಯಲ್ಲಿ ಮಡಿಯುಟ್ಟ ಹೆಂಗಸು. ಯಾರೋ ಒಬ್ಬಳು ಇದು ಪೋಲಿಯೋ ಹನಿ ಹಾಕುವ ವ್ಯಾನೆಂದಳು. ಐದು ನಿಮಿಷದಲ್ಲಿ ಕಂಕುಳಲ್ಲಿ ಕೂಸು ಎತ್ತಿಕೊಂಡ ತಾಯಂದಿರ ಸಾಲು ಸಂತೆಯ ಆ ತುದಿ ಮುಟ್ಟಿತು.

"ನಾವು ಅವರಲ್ಲಮ್ಮ, ಸಮುದ್ರ ನೋಡೋಕೆ ಹೊರಟವರು" ಎಂದು ಮೇಷ್ಟ್ರು ಕೂಗಿದರು.

"ಅದ್ಯಾಕ್ ಸಾ ಸುಳ್ಳೇಳ್ತೀರಿ? ಸಮುದ್ರ ಇತ್ಲಾಗೆ ಎಲ್ಲದೆ? ಬ್ಯಾಗ ಹಾಕಿ, ಮಗ ಅಳ್ತದೆ."

ಅಳುವ ಮಕ್ಕಳನ್ನು ಬರಿಬಾಯಲ್ಲಿ ಕಳಿಸಲು ಲಕ್ಷ್ಮೀದೇವಮ್ಮನಿಗೆ ಮನಸ್ಸು ಬರಲಿಲ್ಲ. ಕಿಟಕಿಯಿಂದ ಕೈ ತಾಗದ ಹಾಗೆ ಮೇಲಿನಿಂದ ಒಂದೊಂದು ಕಲ್ಲುಸಕ್ಕರೆ ಬಾಯಿಗೆ ಹಾಕಿದರು. "ಹನಿ ಹೋಗಿ ಈಗ ಉಂಡೆ ಬಂದದೆ ಕಣ್ಲಾ" ಎಂದು ಸುದ್ದಿ ಹಬ್ಬಿ, ಮಕ್ಕಳಲ್ಲದವರೂ ಸಾಲಿಗೆ ಬಂದರು. ಮೀಸೆ ಬಂದವನೊಬ್ಬ ಎರಡು ಸಲ ಬಂದ. ಸಂತೆ ಮುಗಿದು ಜಾಗ ತೆರವಾದ ಮೇಲೆ ಅವರೆಲ್ಲ ಸೇರಿ ವ್ಯಾನು ತಳ್ಳಿಕೊಟ್ಟರು. ಮತ್ತೆ ಮನೆ ಕಡೆಗೆ. ಹೋದ ಪುಟ್ಟ ಬಂದ ಪುಟ್ಟ.

ಆ ದಿನ ಮೇಷ್ಟ್ರು ಊಟ ಮಾಡಲಿಲ್ಲ. ಅಟ್ಲಾಸು ತೆರೆದು ನೀಲಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. "ನನ್ನ ಹಣೆಯಲ್ಲಿ ಬಕೆಟ್ಟೇ ಬರೆದಿದೆ ಲಕ್ಷ್ಮೀ" ಎಂದರು. ಲಕ್ಷ್ಮೀದೇವಮ್ಮ ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡರು.

ದುಃಖದಿಂದ ಸಿಟ್ಟು, ಸಿಟ್ಟಿನಿಂದ ಉಪಾಯ. ಸಂಕ್ರಾಂತಿ ಕಳೆದ ಮೇಲೆ ಮೇಷ್ಟ್ರು ಒಂದು ಭಾನುವಾರ ತಮ್ಮಯ್ಯ, ಚಿಕ್ಕಯ್ಯ ಇಬ್ಬರಿಗೂ ಒಂದೇ ಹೊತ್ತಿಗೆ ಬರಹೇಳಿದರು. ಎದುರುಬದುರು ನಿಲ್ಲಿಸಿದರೆ ಕಳ್ಳ ಯಾರೆಂದು ಗೊತ್ತಾಗಲೇಬೇಕು. ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ನ್ಯಾಯಾಧೀಶರ ಗತ್ತಿನಲ್ಲಿ ಕೂತರು. ತಮ್ಮಯ್ಯ ಸೀಟಿನ ಕೆಳಗಿನಿಂದ ಬ್ಯಾಟರಿ ಎತ್ತಿ ಹೊರಗಿಡುತ್ತಿದ್ದ. ಚಿಕ್ಕಯ್ಯ ಗೇಟು ತೆಗೆದು ಒಳಗೆ ಬಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹಲ್ಲು ಬಿಟ್ಟರು.

"ಓಹೋಹೋ! ಏನ್ ಬೀಗ್ರೇ ಇತ್ಲಾಗೆ?"

"ಅರೆ, ಬೀಗ್ರು! ಮಗೀಗೆ ನೆಗಡಿ ವಾಸಿ ಆಯ್ತಾ?"

ಮೇಷ್ಟ್ರ ಗತ್ತು ಅಲ್ಲೇ ಇಳಿಯಿತು. ತಮ್ಮಯ್ಯನ ಮಗಳನ್ನು ಚಿಕ್ಕಯ್ಯನ ಮಗನಿಗೆ ಕೊಟ್ಟಿತ್ತು! ಈ ವ್ಯಾನಿನ ಇನ್ನೊಂದು ತುದಿಯಲ್ಲಿರುವುದು ತಮ್ಮ ಬೀಗರೇ ಎಂದು ಆವರೆಗೆ ಇಬ್ಬರಿಗೂ ತಿಳಿದಿರಲಿಲ್ಲ. ತಿಳಿದ ಮೇಲೆ ಕೇಳಬೇಕೆ!

"ಬ್ಯಾಟ್ರಿ ಬೀಗ್ರುದಾ? ಅದಕ್ಕೇ ನೋಡ್ದೇಟ್ಗೇ ಬಂಗಾರ ಅನ್ನುಸ್ತು" ಎಂದ ಚಿಕ್ಕಯ್ಯ.

"ಜನರೇಟ್ರು ನಿಮ್ದಾ? ಆ ಸಬ್ದ ಕೇಳಿದ್ರೇ ಗೊತ್ತಾಯ್ತದೆ ಬೀಗ್ರೇ, ಮನೆತನದ ಮಿಸನ್ನು!" ಎಂದ ತಮ್ಮಯ್ಯ.

ಮೇಷ್ಟ್ರು ಎದ್ದುನಿಂತರು. "ಅಲ್ರಯ್ಯಾ, ಉಪ್ಪಿನಕಾಯಿ ಜಾಡಿ ಅಂದಿದ್ದು ಯಾರು? ನೊಣ ಓಡಿಸಲ್ಲ ಅಂದಿದ್ದು ಯಾರು?"

"ಯಾರ್ ಸಾ ಅಂಗಂದೋರು? ನಾಲ್ಗೆ ಬಿದ್ದೋಗ!" ಎಂದು ಇಬ್ಬರೂ ಒಟ್ಟಿಗೇ ಶಾಪ ಹಾಕಿದರು.

"ಹಾಗಾದರೆ ತಪ್ಪು ಯಾರದು?"

"ನಂದೇ ಇರ್ಬೇಕು" ಎಂದ ಚಿಕ್ಕಯ್ಯ. "ಛೇ, ಬುಡ್ತು ಅನ್ನಿ ಬೀಗ್ರೇ, ನಂದು" ಎಂದ ತಮ್ಮಯ್ಯ. ನಂದು, ನಿಮ್ದಲ್ಲ ನಂದು ಎಂದು ಇಬ್ಬರೂ ಬಾಳೆಎಲೆಯ ಮುಂದೆ ಉಪಚಾರ ಮಾಡುವವರಂತೆ ತಪ್ಪನ್ನು ಒಬ್ಬರಿಂದೊಬ್ಬರು ಕಿತ್ತುಕೊಂಡರು. ಕೊನೆಗೆ ಪಕ್ಕಕ್ಕೆ ಹೋಗಿ ಗುಸುಗುಸು ಮಾತಾಡಿ, ಒಮ್ಮತದ ತೀರ್ಪು ತಂದರು. ತಪ್ಪು ಮೇಷ್ಟ್ರದು.

"ಮೇಷ್ಟ್ರು ಓಡ್ಸೋದು ನಿಧಾನ ಆಯ್ತದೆ. ಅಂಗೆ ಮೆಲ್ಲುಕೆ ಹೋದ್ರೆ ಡೈನಮೋನಾಗೆ ಕರೆಂಟು ಹುಟ್ಟಾಕಿಲ್ಲ ಕಣ್ಸಾ. ಅಲ್ವಾ ಬೀಗ್ರೇ?"

"ಊಂ ಮತ್ತೆ!"

ಅಷ್ಟರಲ್ಲಿ ಇಬ್ಬರಿಗೂ ಕಾಫಿ ತಂದ ಲಕ್ಷ್ಮೀದೇವಮ್ಮನ ಕಣ್ಣು ಕೆಳಗಿದ್ದ ಬ್ಯಾಟರಿಯ ಮೇಲೆ ಬಿತ್ತು. ಗುಬುಟುಗಳ ಮೇಲೆ ಹಳೆಯ ಅರಿಶಿನ, ಗಂಧ, ಕುಂಕುಮ ಪದರ ಪದರವಾಗಿ ಗಟ್ಟಿಕಟ್ಟಿ ಕಪ್ಪಾಗಿತ್ತು.

"ಅಯ್ಯೋ ಅನಾಚಾರವೇ! ನಿರ್ಮಾಲ್ಯ ತೆಗೆಯದೇ ಮೇಲೆ ಮೇಲೆ ಪೂಜೆ ಮಾಡಿದ್ದೀನಲ್ಲ ನಾನು! ದೇವರು ಹೇಗೆ ಒಪ್ಪುತ್ತಾನೆ?"

ಹುಣಸೆಹಣ್ಣು ಬಂತು, ಬೂದಿ ಬಂತು, ತೆಂಗಿನ ನಾರು ಬಂತು. ಪೂಜೆಯ ಪಾತ್ರೆ ಬೆಳಗಿದ ಹಾಗೆ ಗುಬುಟುಗಳನ್ನು ತಿಕ್ಕಿದರು. ವ್ಯಾನಿನೊಳಗೆ ಬಗ್ಗಿ ವೈರಿನ ಹಿಡಿಗಳ ಒಳಮೈಯನ್ನೂ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿದರು. ಬೀಗರಿಬ್ಬರೂ ಕಾಫಿ ಹೀರುತ್ತಾ "ಅಮ್ಮಾರ ಕೈ ಚೊಕ್ಕಟ" ಎಂದು ಮೆಚ್ಚಿದರು. ಸೀಸ ಫಳಫಳ ಹೊಳೆಯಿತು. ಇನ್ನು ಹೊಸ ಪೂಜೆಯೆಂದು ಗಂಧ ತೇಯಲು ಒಳಗೆ ಹೋದರು. ಆಗ ಫೋನು ಹೊಡೆದುಕೊಂಡಿತು.

ಹಾಸನದ ದಾಯಾದಿಗಳ ಮನೆಯಿಂದ. ಆ ಮನೆಯ ಸೊಸೆ ಶ್ರೀಗೌರಿಗೆ ಗಂಡು ಮಗು! ಹುಟ್ಟಿ ವಾರದ ಮೇಲಾಯಿತಂತೆ, ಸಡಗರದಲ್ಲಿ ಇವರಿಗೆ ತಿಳಿಸುವುದು ಮರೆತಿತ್ತು. ಲಕ್ಷ್ಮೀದೇವಮ್ಮ ಸಂತೋಷಪಟ್ಟು ಫೋನಿಟ್ಟವರು, ಗಂಧದ ಕೊರಡನ್ನು ಮುಟ್ಟದೆ ಹೊರಗೆ ಬಂದರು. "ದಾಯಾದಿಗಳಲ್ಲಿ ಮಗು ಹುಟ್ಟಿದ ಮೇಲೆ ನಮಗೂ ಪುರುಡು. ಇನ್ನು ಎರಡು ದಿನ ದೇವರ ಪೂಜೆ ಇಲ್ಲ, ಏನೂ ಇಲ್ಲ."

ಮೇಷ್ಟ್ರ ತಲೆಯಲ್ಲಿ ದೀಪ ಹತ್ತಿತು. "ಪೂಜೆ ಇಲ್ಲದ ಮೇಲೆ ಮನೆಯಲ್ಲಿದ್ದು ಏನು ಮಾಡ್ತೀಯೆ? ಪುರುಡಿನವರು ದೇವಸ್ಥಾನಕ್ಕೆ ಹೋಗಬಾರದು. ಸಮುದ್ರಕ್ಕೆ ಹೋಗಬಾರದು ಅಂತ ಯಾವ ಶಾಸ್ತ್ರದಲ್ಲಿದೆ?"

ಲಕ್ಷ್ಮೀದೇವಮ್ಮ ಹುಡುಕಿದರು. ಯಾವ ಶಾಸ್ತ್ರದಲ್ಲೂ ಇರಲಿಲ್ಲ.

ಹೀಗೆ ಮೂರನೆಯ ಸಲ, ಬ್ಯಾಟರಿಗೆ ಒಂದು ಚಿಟಿಕೆ ಕುಂಕುಮವೂ ಇಲ್ಲದೆ ವ್ಯಾನು ಹೊರಟಿತು. ಅರಕಲಗೂಡಿನಲ್ಲಿ ನಿಂತರು, ಚಟ್ನಿ ರುಬ್ಬಿದರು, ಕೀಲಿ ತಿರುಗಿಸಿದರು. ಗರ್ರ್! ಕೊಣನೂರಿನಲ್ಲಿ ನಿಂತರು. ಗರ್ರ್! ಮೇಷ್ಟ್ರಿಗೆ ಹುಚ್ಚು ಹಿಡಿದಂತಾಗಿ, ಕೆಲಸವಿಲ್ಲದಿದ್ದರೂ ನಿಲ್ಲಿಸುವುದು, ಸ್ಟಾರ್ಟ್ ಮಾಡುವುದು, "ಕೇಳಿದೆಯೇನೇ?" ಅನ್ನುವುದು. ಬೀಗರ ಮಾತು ನೆನೆದು ಸ್ವಲ್ಪ ಜೋರಾಗಿಯೂ ಓಡಿಸಿದರು. ಒಬ್ಬ ಸೈಕಲ್ಲಿನವನನ್ನು ಹಿಂದೆ ಹಾಕಿದರು. ಲಕ್ಷ್ಮೀದೇವಮ್ಮ ಪ್ರತಿ ಸಲವೂ ಕೇಳಿದರು, ತಲೆಯಾಡಿಸಿದರು, ಏನೋ ಯೋಚಿಸುತ್ತಾ ಕೂತರು.

ಎರಡನೆಯ ದಿನ ಸಂಜೆ ಮಂಗಳೂರು ದಾಟಿ, ಮೀನುಗಾರರ ಒಂದು ಊರಿನ ಆಚೆ, ಗಾಳಿಮರಗಳ ಕೆಳಗೆ ವ್ಯಾನು ನಿಂತಿತು. ಮೇಷ್ಟ್ರು ಇಳಿದು ಮರಳಿನ ದಿಬ್ಬ ಹತ್ತಿದರು. ಅಟ್ಲಾಸಿನಲ್ಲಿ ಬೆರಳಗಲವಿದ್ದದ್ದು ಎದುರಿಗೆ ಹರಡಿಕೊಂಡಿತ್ತು, ಮುಗಿಯುತ್ತಲೇ ಇರಲಿಲ್ಲ. ಮೂವತ್ತು ವರ್ಷ ಬಾಯಿ ನೋಯುವಷ್ಟು ವಿವರಿಸಿದ್ದವರು ಪಂಚೆ ಮೇಲೆತ್ತಿ ಕಟ್ಟಿ ನೀರಿಗಿಳಿದು, ಅಲೆ ಮೊಣಕಾಲಿಗೆ ಬಡಿದಾಗ ಮಗುವಿನ ಹಾಗೆ ಅತ್ತರು.

ಲಕ್ಷ್ಮೀದೇವಮ್ಮ ಮೀನಿನ ವಾಸನೆಗೆ ಮೂಗಿಗೆ ಸೆರಗು ಬಿಗಿದು ದಿಬ್ಬದ ಮೇಲೆ ನಿಂತಿದ್ದರು. "ಅಬ್ಬಬ್ಬಾ, ಇಷ್ಟು ನೀರು! ಕುಡಿಯೋಕೆ ಒಂದು ಲೋಟ ಇಲ್ಲ" ಎಂದರು. ಆಮೇಲೆ ಬಹಳ ಹೊತ್ತು ನೀರನ್ನು ನೋಡಲಿಲ್ಲ, ಗಂಡನನ್ನೇ ನೋಡಿದರು.

ಮರುದಿನ ಪುರುಡು ಕಳೆಯಿತು. ಇಬ್ಬರೂ ಸಮುದ್ರಸ್ನಾನ ಮಾಡಿದರು. ದಿನವಿಡೀ ಮೇಷ್ಟ್ರು ಮರಳಿನ ಮೇಲೆ ಚಂದ್ರ, ಭೂಮಿ ಬರೆದು ಹೆಂಡತಿಗೆ ಪಾಠ ಹೇಳಿದರು. ಉಬ್ಬರ ಬಂದು ಅವೆರಡನ್ನೂ ಅಳಿಸಿತು. "ನೋಡಿದೆಯಾ, ಪುಸ್ತಕದಲ್ಲಿದ್ದ ಹಾಗೇ!" ಎಂದು ಕುಣಿದರು. ಇಳಿತದಲ್ಲಿ ನೀರು ಹಿಂದೆ ಸರಿದು, ಒದ್ದೆ ಮರಳಿನ ಮೇಲೆ ಏಡಿಗಳು ಹೊರಬಂದದ್ದನ್ನು ನೋಡುವಷ್ಟರಲ್ಲಿ ಕತ್ತಲಾಯಿತು. ಒಂದು ದಿನ ಮುಗಿದೇ ಹೋಗಿತ್ತು. ಕೊಳಗದ ತಳ ಕಾಣುತ್ತಿತ್ತು. ಮಾತು ಮಾತೇ.

ಬೆಳಿಗ್ಗೆ ಮೇಷ್ಟ್ರು ಸಮುದ್ರಕ್ಕೆ ಬೆನ್ನು ಹಾಕಿ ಸೀಟಿನಲ್ಲಿ ಕೂತರು. ತಿರುಗಿ ನೋಡಿದರೆ ಹೋಗಲಾರೆನೆಂದು ಕನ್ನಡಿಯನ್ನೂ ಪಕ್ಕಕ್ಕೆ ಸರಿಸಿದರು. ಕೀಲಿ ತಿರುಗಿಸಿದರು.

ಟಕ್.

ಇಳಿದು ಸೀಟು ಎತ್ತಿ ನೋಡಿದರು. ಗುಬುಟುಗಳ ಸುತ್ತ ದಪ್ಪಗೆ ಅರಿಶಿನ, ಹಿಡಿಯ ಸಂದಿಯಿಂದ ಗಂಧ ಹೊರಗೆ ಉಬ್ಬಿ ಒಣಗಿತ್ತು. ಮೇಲೆ ದುಂಡಗೆ ಕುಂಕುಮ. ಮೇಷ್ಟ್ರು ಅದನ್ನು ನೋಡಿದರು. ಅರಕಲಗೂಡು ನೆನಪಾಯಿತು. ಕೊಣನೂರು ನೆನಪಾಯಿತು. ಹುಣಸೆಹಣ್ಣು, ಪುರುಡು, ಗರ್ರ್ ಎಂದ ವ್ಯಾನು, ಎಲ್ಲಾ ಸಾಲಾಗಿ ಬಂದು ನಿಂತವು. ಭೂಗೋಳದ ಮೇಷ್ಟ್ರಾದರೂ ಅಷ್ಟು ವಿಜ್ಞಾನ ಅವರಿಗೂ ತಿಳಿಯಿತು. ಉಗುರಿನಲ್ಲಿ ಕೆರೆದರೆ ಸಾಕು, ಹತ್ತು ನಿಮಿಷದ ಕೆಲಸ.

ಕೈ ಚಾಚಿದರು. ಹೊರಗೆ ಅಲೆಯೊಂದು ಬಂದು ಅಪ್ಪಳಿಸಿತು. ಮೇಷ್ಟ್ರು ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡು ಸೀಟು ಮುಚ್ಚಿಬಿಟ್ಟರು.

"ಡೈನಮೋ ಇರಬೇಕು ಲಕ್ಷ್ಮೀ" ಎಂದರು. ಜೀವಮಾನದಲ್ಲಿ ಹೆಂಡತಿಗೆ ಹೇಳಿದ ಮೊದಲ ಸುಳ್ಳು, ಕಿವಿ ಕೆಂಪಾಯಿತು. "ಮೆಕ್ಯಾನಿಕ್ಕು ಸಿಗೋದು ಕಷ್ಟ. ಎರಡು ದಿನವಾದರೂ ಬೇಕು."

ಲಕ್ಷ್ಮೀದೇವಮ್ಮ ಒಲೆ ಹಚ್ಚುತ್ತಿದ್ದರು. ತಿರುಗಲಿಲ್ಲ. "ಎರಡೇ ಸಾಕಾ?"

"ಅಂದರೆ?"

"ಹುಣಸೆಹಣ್ಣು, ನಾರು ಡಬ್ಬಿಯಲ್ಲಿ ತಂದಿದ್ದೀನಿ. ನಿಮಗೆ ಸಮುದ್ರ ಸಾಕು ಅನ್ನಿಸಿದ ದಿನ ಹೇಳಿ, ತಿಕ್ಕಿ ಕೊಡ್ತೀನಿ."

ಮೇಷ್ಟ್ರು ಬೆಪ್ಪಾಗಿ ನಿಂತರು. "ನಿನಗೆ ಗೊತ್ತಿತ್ತಾ?"

"ಇಷ್ಟು ವರ್ಷ ಅಡುಗೆ ಮಾಡಿದ್ದೀನಿ. ಯಾವುದಕ್ಕೆ ಏನು ಹಾಕಿದರೆ ಕೆಡುತ್ತೆ ಅಂತ ಗೊತ್ತಾಗಲ್ವಾ? ಒಣಗಲಿ ಅಂತ ರಾತ್ರಿ ನೀವು ಮಲಗಿದ ಮೇಲೇ ಹಿಡಿ ಬಿಚ್ಚಿ ಚೆನ್ನಾಗಿ ಮೆತ್ತಿ ಬಿಗಿದೆ."

"ನೀರು? ಕೊಳಗ ಖಾಲಿ ಕಣೇ. ನೀನು ಏನು ಕುಡೀತೀಯ?"

ಲಕ್ಷ್ಮೀದೇವಮ್ಮ ಸೌಟಿನಿಂದ ಹೊರಗೆ ತೋರಿಸಿದರು. ದಡದುದ್ದಕ್ಕೂ ತೆಂಗಿನ ಮರಗಳು ಗೊನೆ ಹೊತ್ತು ನಿಂತಿದ್ದವು.

"ಎಳನೀರಿಗೆ ಮೈಲಿಗೆ ಇಲ್ಲ. ಹೋಗಿ, ನಿಮ್ಮ ಇಳಿತ ಶುರುವಾಗಿರಬೇಕು, ನೋಡಿಕೊಂಡು ಬನ್ನಿ. ಬರುವಾಗ ನಾಲ್ಕು ಕಾಯಿ ಕೆಡವಿಸಿಕೊಂಡು ಬನ್ನಿ."